ಪಂಚಾಂಗದಲ್ಲಿ ಇಲ್ಲದ ಹಲ್ಲಿ

ರಾಣೆಬೆನ್ನೂರಿನ ಹಲಗೇರಿ ರಸ್ತೆಯಲ್ಲಿ ಯಾರ ಮೈಮೇಲೆ ಹಲ್ಲಿ ಬಿದ್ದರೂ ಅವರು ತಲೆಸ್ನಾನಕ್ಕೂ ಮೊದಲು ಮಂಗಳವ್ವನ ಕಟ್ಟೆಗೆ ಓಡಿ ಬರುತ್ತಾರೆ. "ಎಲ್ಲಿ ಬಿತ್ತವ್ವಾ, ಎಡಕ್ಕೋ ಬಲಕ್ಕೋ?" ಎಂದು ಕೇಳಿ ಅವಳು ಪಂಚಾಂಗ ತೆರೆಯದೆಯೇ ಫಲ ಹೇಳುತ್ತಾಳೆ, ಬ್ಯಾಡಗಿಯಿಂದಲೂ ಫೋನ್ ಬರುತ್ತದೆ. ಇಂಥವಳನ್ನು ಈಗ ಒಂದು ಹಲ್ಲಿಯೇ ತಬ್ಬಿಬ್ಬು ಮಾಡಿದೆ. ಅವಳ ಮನೆಯ ಬಾಡಿಗೆಯವರು ಸಾಕಲು ತಂದು, ಮನೆ ಖಾಲಿ ಮಾಡುವಾಗ ಗಾಜಿನ ಪೆಟ್ಟಿಗೆಯಲ್ಲೇ ಬಿಟ್ಟುಹೋದ ಪರದೇಶದ ಚುಕ್ಕಿ ಹಲ್ಲಿ ಅದು. ಗೋಡೆ ಹತ್ತುವುದಿಲ್ಲ, ಲೊಚಗುಟ್ಟುವುದಿಲ್ಲ, ಮನುಷ್ಯರ ಹಾಗೆ ಕಣ್ಣು ಮುಚ್ಚಿ ಮಲಗುತ್ತದೆ. ಉಪವಾಸದಿಂದ ಬಾಲ ಕಡ್ಡಿಯಾಗಿದ್ದ ಅದಕ್ಕೆ ಮಂಗಳವ್ವ ಹಿತ್ತಲಿನ ಮಿಡತೆ ಹಿಡಿದು ತಿನ್ನಿಸಿದಳು. ಈಗ ಅದು ಅವಳ ಮುಂಗೈಯಿಂದ ಭುಜಕ್ಕೆ, ಭುಜದಿಂದ ನೆತ್ತಿಗೆ ಏರುತ್ತದೆ. ಮುಂಗೈಗೆ ಧನಲಾಭ, ನೆತ್ತಿಗೆ ಮರಣಭಯ. ಆದರೆ ಬೀಳುವುದೂ ಹತ್ತುವುದೂ ಒಂದೆಯೇ? ದೋಷ ಕಳೆಯಲೆಂದು ದಿನಕ್ಕೆ ನಾಲ್ಕು ಸಲ ಮಿಂದು ಸಾಕಾಗಿ ಅವಳು ಆ ಸ್ನಾನವನ್ನೂ ಬಿಟ್ಟಳು. ಮೊನ್ನೆ ನೆತ್ತಿಯ ಮೇಲೆ ಕುಳಿತಿದ್ದ ಹಲ್ಲಿಯನ್ನು ನೋಡಿ ಎದುರುಮನೆಯ ಅರುಣಾ, "ಹಿಂಗ ಕುಂತ್ರ ಏನ್ ಫಲ, ದೊಡ್ಡವ್ವಾ?" ಎಂದಳು. ಮಂಗಳವ್ವ ಪಂಚಾಂಗವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದಳು. "ಹಲ್ಲಿ ಬಿದ್ರ ಮನಷ್ಯಾರಿಗೆ ಏನಾಗತೈತಿ ಅಂತ ಬರದಾರವ್ವ. ಮನಷ್ಯಾರು ಸಾಕಿದ್ರ ಹಲ್ಲಿಗೆ ಏನಾಗತೈತಿ ಅಂತ ಎಲ್ಲೂ ಬರದಿಲ್ಲ."