ಡಿಫೆನ್ಸ್ ಗೇಟಿನ ಮೇಷ್ಟ್ರು

ಚನ್ನವೀರಪ್ಪನವರು ಏಪ್ರಿಲ್ ಇಪ್ಪತ್ತೆಂಟು, ಭಾನುವಾರ ಮಧ್ಯಾಹ್ನ ಮೂರೂಕಾಲರ ಸುಮಾರಿಗೆ ತೀರಿಕೊಂಡರು. ಸ್ಟ್ರೀಟ್ಸ್‌ವಿಲ್‌ನಿಂದ ಸ್ವಲ್ಪ ಆಚೆಗಿರುವ ಐಸ್ ಹಾಕಿ ರಿಂಕಿನ ಪಾರ್ಕಿಂಗಿನಲ್ಲಿ, ತಮ್ಮ ಕಾರಿನ ಡ್ರೈವರ್ ಸೀಟಿನಲ್ಲಿ ಕೂತ ಹಾಗೆಯೇ. ಹೃದಯ ನಿಂತುಹೋಯಿತು ಎಂದರು ಡಾಕ್ಟರು. ವಯಸ್ಸು ಅರವತ್ತೊಂದು. ಎರಡು ಕಾಫಿ ಹಿಡಿದುಕೊಂಡು ಬಂದ, ಅವರ ಬೀದಿಯ ರಾಮಮೂರ್ತಿ ಕಿಟಕಿಯ ಗಾಜನ್ನು ಮೊಣಕೈಯಿಂದ ತಟ್ಟಿದ. ಅವರು ತಿರುಗಿ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಅವರ ಜೇಬಿನಲ್ಲಿದ್ದುದನ್ನೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಹೆಂಡತಿ ಜಯಶೀಲಾ ಅವರ ಕೈಗೆ ಕೊಟ್ಟರು. ಕಾರಿನ ಕೀಲಿ, ಫೋನು, ಉಣ್ಣೆಯ ಕೈಗವಸು, ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು. ಕೊಡಲು ಬಂದ ಹುಡುಗಿ ಬ್ರಷ್ಷನ್ನು ನೋಡಿ, ಇದೂ ಅವರದೇನಾ ಎಂದು ಕೇಳಿದಳು.

"ಅದು ಬಾಗಲದ್ದವಾ," ಎಂದರು ಜಯಶೀಲಾ. ಕನ್ನಡದಲ್ಲಿ ಹೇಳಿದೆನೆಂದು ಅವರಿಗೆ ಹೊಳೆಯಲಿಲ್ಲ.

ಚನ್ನವೀರಪ್ಪನವರ ಊರು ನವಲಗುಂದ. ಹುಬ್ಬಳ್ಳಿಯ ಹೈಸ್ಕೂಲೊಂದರಲ್ಲಿ ಹತ್ತೊಂಬತ್ತು ವರ್ಷ ಪಿ.ಟಿ. ಮಾಸ್ತರಿಕೆ ಮಾಡಿದವರು. ಮಕ್ಕಳಿಗೆ ಕಬಡ್ಡಿ ಕಲಿಸುತ್ತಿದ್ದರು. ನಲವತ್ತಮೂರನೆಯ ವಯಸ್ಸಿನಲ್ಲಿ ಹೆಂಡತಿ, ಮಗಳು ತೃಪ್ತಿಯ ಜೊತೆ ಮಿಸ್ಸಿಸಾಗಾಕ್ಕೆ ಬಂದಿಳಿದಾಗ ಅವರ ಸರ್ಟಿಫಿಕೇಟುಗಳನ್ನು ಇಲ್ಲಿ ಯಾರೂ ಕೇಳಲಿಲ್ಲ. ಮೂರು ವರ್ಷ ಬ್ರೆಡ್ ಫ್ಯಾಕ್ಟರಿ. ಆಮೇಲೆ ಹಳದಿ ಸ್ಕೂಲ್ ಬಸ್ಸಿನ ಡ್ರೈವರು, ಸಾಯುವವರೆಗೂ ಅದೇ. ಗೋಳು ಹೇಳಿಕೊಂಡವರಲ್ಲ. "ಐದು ದಿನಾ ಬಸ್ಸಿನ ಬಾಗಲಾ ತಗೀತೀನಿ, ಪಗಾರ ಕೊಡ್ತಾರ. ಶನಿವಾರ, ಐತವಾರ ರಿಂಕಿನಾಗ ತಗೀತೀನಿ, ಪುಕ್ಕಟೆ. ಒಟ್ಟ ಬಾಗಲಾ ತಗಿಯಾಕಽ ಹುಟ್ಟೇನಿ," ಎಂದು ನಗುತ್ತಿದ್ದರು.

ರಿಂಕಿನ ಬಾಗಿಲೆಂದರೆ ಏನೆಂದು ಹೇಳಬೇಕು. ಐಸ್ ಹಾಕಿಯಲ್ಲಿ ಗೋಲು ಕಾಯುವ ಗೋಲಿಯನ್ನು ಬಿಟ್ಟು ಐದು ಜನ ಐಸಿನ ಮೇಲಿರುತ್ತಾರೆ. ಮೂವರು ಫಾರ್ವರ್ಡ್, ಇಬ್ಬರು ಡಿಫೆನ್ಸ್. ಮುಕ್ಕಾಲು ನಿಮಿಷ ಓಡುವಷ್ಟರಲ್ಲಿ ಉಸಿರು ಕಟ್ಟುತ್ತದೆ. ಆಟ ನಿಲ್ಲುವುದಿಲ್ಲ. ಆಟ ನಡೆಯುತ್ತಿರುವಾಗಲೇ ದಣಿದವರು ಬೆಂಚಿಗೆ ಬರಬೇಕು, ಕೂತವರು ಇಳಿಯಬೇಕು. ಬೆಂಚಿನ ಮುಂದಿನ ಗೋಡೆಗೆ ಎರಡು ಗೇಟು. ಒಂದು ಫಾರ್ವರ್ಡ್‌ಗಳದು, ಒಂದು ಡಿಫೆನ್ಸಿನವರದು. ಒಂದೊಂದಕ್ಕೂ ಒಬ್ಬ ದೊಡ್ಡವರು ನಿಂತು ತೆರೆದು ಮುಚ್ಚಬೇಕು. ಮೊದಲೇ ತೆರೆದರೆ ಬೇರೊಂದು ಮಗು ಜಾರಿಕೊಂಡು ಬಂದು ಅಂಚಿಗೆ ಬಡಿದು ಪಕ್ಕೆಲುಬು ಮುರಿದುಕೊಳ್ಳುತ್ತದೆ. ತಡವಾದರೆ ತಂಡದಲ್ಲಿ ಒಬ್ಬರು ಕಡಿಮೆ. ಚಿಲಕದಲ್ಲಿ ಐಸಿನ ಪುಡಿ ತುಂಬಿ ಬಿಗಿಯುತ್ತದೆ. ಚನ್ನವೀರಪ್ಪನವರ ಬ್ರಷ್ಷು ಅದಕ್ಕೆ.

ತೃಪ್ತಿ ಒಂಬತ್ತರ ಹುಡುಗಿಯಾಗಿದ್ದಾಗ ಅವಳ ತಂಡಕ್ಕೆಂದು ಡಿಫೆನ್ಸ್ ಗೇಟಿಗೆ ನಿಂತವರು ಅವರು. ನಾಲ್ಕು ವರ್ಷಕ್ಕೆ ಅವಳಿಗೆ ಆಟ ಸಾಕಾಯಿತು. ಅಪ್ಪನಿಗೆ ಆಗಲಿಲ್ಲ. ಬೇರೆಯವರ ಮಕ್ಕಳ ತಂಡಗಳಿಗೆ ನಿಂತರು. ಹದಿನಾಲ್ಕು ಚಳಿಗಾಲ ನಿಂತರೂ ಸ್ಕೇಟಿಂಗ್ ಕಲಿಯಲಿಲ್ಲ. ಯಾವುದಾದರೂ ಮಗು ಬಿದ್ದು ಏಳದೆ ಹೋದರೆ ಬೂಟಿನಲ್ಲೇ, ಹೆಜ್ಜೆ ಮೇಲೆ ಹೆಜ್ಜೆ ಇಡುತ್ತ, ತುಂಬಿದ ಕೊಡ ಹೊತ್ತವರ ಹಾಗೆ ಐಸಿನ ಮೇಲೆ ನಡೆದು ಹೋಗುತ್ತಿದ್ದರು.

ಗೇಟಿನ ಬಳಿ ನಿಂತವರಿಗೆ ಆಟ ಪೂರ್ತಿ ಕಾಣುವುದಿಲ್ಲ. ಬರುವ ಮುಖಗಳು ಕಾಣುತ್ತವೆ. ಯಾರು ಅಳು ನುಂಗಿಕೊಂಡು ಬರುತ್ತಾರೆ, ಯಾರು ಪಕ್ಕದವರ ಮೇಲೆ ತಪ್ಪು ಹೊರಿಸುತ್ತ ಬರುತ್ತಾರೆ, ಯಾರು ನೀರು ಕುಡಿಯುವ ಮೊದಲು ಐಸಿನ ಕಡೆ ತಿರುಗುತ್ತಾರೆ, ಎಲ್ಲ ಅವರಿಗೆ ಗೊತ್ತಿತ್ತು. ಆದರೆ ಯಾವ ಮಗು ಎಲ್ಲಿ ಆಡಬೇಕೆಂದು ಅವರು ಬಾಯಿ ಬಿಡುತ್ತಿರಲಿಲ್ಲ. ಕಾರಣ ಸುಮುಖ್.

ಎಂಟು ವರ್ಷದ ಹಿಂದೆ, ಬೆಂಗಳೂರಿನ ಕೋಕಿಲಾ ಅವರ ಮಗ ಸುಮುಖ್ ಅವರು ಗೇಟಿಗೆ ನಿಲ್ಲುತ್ತಿದ್ದ ತಂಡದಲ್ಲಿದ್ದ. ಒಂಬತ್ತು ವರ್ಷಕ್ಕೇ ದೊಡ್ಡ ಮೈ. ಓಟದಲ್ಲಿ ಹಿಂದೆ. ಗೋಲಿ ಬೇಕೆಂದು ಕೋಚ್ ಹುಡುಕುತ್ತಿದ್ದಾಗ ಚನ್ನವೀರಪ್ಪನವರೇ, ಅವನನ್ನು ನಿಲ್ಲಿಸಿ, ಗೋಲು ತುಂಬಿದ ಹಾಗಿರುತ್ತಾನೆ ಎಂದರು. ಹುಡುಗನಿಗೆ ಚೆಂಡೆಂದರೆ ಹೆದರಿಕೆ, ಪಕ್ ಎಂಬ ಆ ಕಲ್ಲಿನಂಥ ರಬ್ಬರ್ ಬಿಲ್ಲೆಯೆಂದರೆ ಇನ್ನೂ ಹೆಚ್ಚು. ಆ ಚಳಿಗಾಲವೆಲ್ಲ ಅವನು ಕಣ್ಣು ಮುಚ್ಚಿಕೊಂಡೇ ನಿಂತ. ಹುಡುಗರು ಅವನಿಗೆ ಹೆಸರಿಟ್ಟರು. ಮಾರ್ಚಿಯಲ್ಲಿ ಅವನು ಪ್ಯಾಡುಗಳನ್ನು ಬೇಸ್‌ಮೆಂಟಿನಲ್ಲಿ ಇಟ್ಟವನು ಮತ್ತೆ ಐಸಿಗೆ ಬರಲಿಲ್ಲ.

"ಮೈ ನೋಡಿ ಹೇಳಿದೆ, ಹುಡುಗನ್ನ ನೋಡಲಿಲ್ಲ," ಎಂದು ಒಮ್ಮೆ ಜಯಶೀಲಾ ಅವರೆದುರು ಅಂದಿದ್ದರಂತೆ. "ಮಾಸ್ತರ ಮಾಡಬಾರದ ತಪ್ಪು." ಅಲ್ಲಿಂದ ಕೋಚುಗಳು ಕೇಳಿದರೂ ನಕ್ಕು ಸುಮ್ಮನಾಗುತ್ತಿದ್ದರು.

ರಾಮಮೂರ್ತಿ ಮೈಸೂರಿನವನು, ಸಾಫ್ಟ್‌ವೇರ್ ಕೆಲಸ, ಚನ್ನವೀರಪ್ಪನವರ ಮನೆಯಿಂದ ನಾಲ್ಕು ಮನೆ ಆಚೆ. ಅವನ ಮಗಳು ಅಪೂರ್ವಳ ತಂಡಕ್ಕೆ ಅವರು ಗೇಟಿಗೆ ನಿಲ್ಲಲು ತೊಡಗಿದ ಮೇಲೆ ಮೂವರೂ ಒಂದೇ ಕಾರಿನಲ್ಲಿ ಹೋಗುತ್ತಿದ್ದರು. ಹಾಗೆ ಮೂರು ಚಳಿಗಾಲ. ಜಯಶೀಲಾ ಕೊಟ್ಟ ಶುಂಠಿ ಚಹಾದ ಫ್ಲಾಸ್ಕು, ಖಾರಾ ಚುರುಮುರಿ ಡಬ್ಬಿ, ಹುಬ್ಬಳ್ಳಿ ಹೆಚ್ಚೋ ಮೈಸೂರು ಹೆಚ್ಚೋ ಎಂಬ ಮುಗಿಯದ ಜಗಳ. ಹದಿನೈದು ವರ್ಷ ಸಣ್ಣವನಾದ ರಾಮಮೂರ್ತಿಗೆ ಈ ದೇಶದಲ್ಲಿ ಅವರಷ್ಟು ಹತ್ತಿರದವರು ಬೇರೆ ಯಾರೂ ಇರಲಿಲ್ಲ.

ಅಪೂರ್ವ ಫಾರ್ವರ್ಡ್. ಹನ್ನೆರಡು ವರ್ಷ. ಕಳೆದ ವರ್ಷ ಏಪ್ರಿಲ್‌ನಲ್ಲಿ ಮೇಲಿನ ದರ್ಜೆಯ ತಂಡದ ಟ್ರೈಔಟಿಗೆ ಹೋಗಿ ಆಯ್ಕೆಯಾಗದೆ ಬಂದಿದ್ದಳು. ಈ ವರ್ಷವೂ ಆಗದಿದ್ದರೆ ಆಟ ಬಿಟ್ಟೇಬಿಡುತ್ತೇನೆ ಎಂದು ಅಮ್ಮನಿಗೆ ಹೇಳಿದ್ದಳು. ಅದು ಬಾಯಿಮಾತಲ್ಲವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವಳ ಮೇಲೆ ಇದ್ದ ದೂರು ಒಂದೇ: ಕೂಗಿದಾಗ ಬೆಂಚಿಗೆ ಬರುವುದಿಲ್ಲ. ರಾಮಮೂರ್ತಿ ಮೇಲೆ ಪ್ರೇಕ್ಷಕರ ಸಾಲಿನಲ್ಲಿ ಕೂತು ಪ್ರತಿ ಪಂದ್ಯವನ್ನೂ ಫೋನಿನಲ್ಲಿ ಹಿಡಿಯುತ್ತಿದ್ದ. ಅವಳು ಪ್ರತಿ ಸಲ ಎಷ್ಟು ಸೆಕೆಂಡು ಐಸಿನ ಮೇಲಿದ್ದಳೆಂದು ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿಟ್ಟಿದ್ದ.

ಮಾರ್ಚಿಯ ಒಂದು ಶನಿವಾರ ಪೋರ್ಟ್ ಕ್ರೆಡಿಟ್ ಕಡೆಯ ರಿಂಕಿನಿಂದ ವಾಪಸು ಬರುತ್ತಿದ್ದರು. ಸೋತಿದ್ದರು. ಹಿಂದಿನ ಸೀಟಿನಲ್ಲಿ ಅಪೂರ್ವ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದ್ದಳು.

"ಮೂರ್ತಿಯವರ, ಒಂದ ಮಾತ ಹೇಳ್ತೀನಿ. ಸಿಟ್ಟಿಗೇಳಬ್ಯಾಡ್ರಿ."

"ಹೇಳಿ ಮೇಷ್ಟ್ರೇ."

"ಈ ಹುಡುಗಿ ಫಾರ್ವರ್ಡ್ ಅಲ್ರೀ. ಡಿಫೆನ್ಸ್."

ರಾಮಮೂರ್ತಿ ನಕ್ಕ. "ಗೋಲ್ ಹೊಡೆಯಕ್ಕೆ ಬರಲ್ಲ ಅಂತ ನೇರವಾಗೇ ಹೇಳಿಬಿಡಿ. ಅರವತ್ತೆರಡು ಸೆಕೆಂಡು ಆವರೇಜು, ಗೊತ್ತಾ? ಕೋಚ್ ಗಂಟಲು ಹರ್ಕೊಂಡ್ರೂ ಬರಲ್ಲ. ಸೋಂಬೇರಿ."

"ಸೋಂಬೇರಿ ಆಗಿದ್ರ ಲಗೂನ ಬಂದ ಕುಂದರತಿದ್ಳಲ್ರೀ! ಅಕಿ ಗೇಟಿನ ತನಕಾ ಬರ್ತಾಳ, ಒಮ್ಮೆ ಹೊಳ್ಳಿ ನೋಡ್ತಾಳ. ಪಕ್ ನಮ್ಮ ಗೋಲಿನ ಕಡೆ ಇತ್ತಂದ್ರ ಮತ್ತ ಓಡ್ತಾಳ. ಬಾಗಲಾ ಹಾಕೇತೋ ಇಲ್ಲೋ ನೋಡಿ ಬರೂತನಕಾ ಮಲಗದವರು ಮನ್ಯಾಗ ಒಬ್ರು ಇರ್ತಾರ ನೋಡ್ರಿ, ಹಂಗ. ಹದಿನಾಲ್ಕ ವರ್ಷ ನಿಂತೇನಿ. ಫಾರ್ವರ್ಡ್ ಹುಡುಗ್ರು ಹಂಗ ಹೊಳ್ಳಿ ನೋಡೂದಿಲ್ಲ."

"ಗೋಲ್ ಹೊಡೆದ್ರೆ ಶೀಟಲ್ಲಿ ಹೆಸರು ಬರುತ್ತೆ ಮೇಷ್ಟ್ರೇ. ಹಿಂದೆ ತಿರುಗಿ ನೋಡಿದ್ರೆ ಯಾವ ಶೀಟಲ್ಲಿ ಬರುತ್ತೆ?"

"ಕಬಡ್ಡಿಯಾಗ ನಾನೂ ಕಾರ್ನರ್‌ರೀ. ರೇಡರನ ಕಾಲ ಹಿಡಿಯಾಂವ. ನಮ್ಮ ಹೆಸರೂ ಪೇಪರ್‌ನಾಗ ಬರ್ತಿದ್ದಿಲ್ಲ. ಏನಾತು?"

ಅಲ್ಲಿಗೆ ನಿಲ್ಲಬೇಕಿತ್ತು. ಸೋತ ದಿನ, ಸಂಜೆಯ ಟ್ರಾಫಿಕ್ಕು, ಮಗಳ ಮುಖ. ರಾಮಮೂರ್ತಿ ಕನ್ನಡಿಯಲ್ಲಿ ಹಿಂದೆ ನೋಡುತ್ತ, "ಸುಮುಖ್‌ಗೂ ಹೀಗೇ ಹೇಳಿದ್ರಲ್ಲ. ಅವನನ್ನ ಮನೇಲಿ ಕೂರಿಸಿದ್ದು ಸಾಲದಾ?" ಅಂದುಬಿಟ್ಟ.

ಚನ್ನವೀರಪ್ಪನವರು ಚಹಾದ ಲೋಟವನ್ನು ಫ್ಲಾಸ್ಕಿಗೆ ತಿರುಗಿಸಿ ಮುಚ್ಚಿದರು. ಮನೆ ಬಂದಾಗ, "ಬರ್ತೀನ್ರಿ," ಅಂದರು, ಯಾವಾಗಿನ ಹಾಗೆಯೇ.

ಮುಂದಿನ ಶನಿವಾರದಿಂದ ಅವರು ತಮ್ಮ ಕಾರಿನಲ್ಲಿ ಬೇರೆಯಾಗಿ ಬಂದರು. ಗೇಟಿಗೆ ಒಂದು ದಿನವೂ ತಪ್ಪಿಸಲಿಲ್ಲ. ಏಪ್ರಿಲ್ ಇಪ್ಪತ್ತೆಂಟರಂದು ಆ ಕಾರಿನಲ್ಲಿ ಅವರು ಒಬ್ಬರೇ ಇದ್ದುದಕ್ಕೆ ಕಾರಣ ಇದು.

ಅವರ ಮಾತು ಸುಳ್ಳೆಂದು ತೋರಿಸಲೆಂದೇ ರಾಮಮೂರ್ತಿ ಒಂದು ಭಾನುವಾರ ಬೆಳಗ್ಗೆ ಕಂಪ್ಯೂಟರಿನ ಮುಂದೆ ಕೂತ. ಇಪ್ಪತ್ತೆರಡು ಪಂದ್ಯಗಳ ವೀಡಿಯೋ. ಅವಳು ತಡವಾಗಿ ಬಂದ ಕಡೆಯಲ್ಲೆಲ್ಲ ನಿಲ್ಲಿಸಿ ನೋಡಿದ. ಎಪ್ಪತ್ತಾರು ಸಲ. ಪ್ರತಿ ಸಲವೂ, ಗೇಟಿನ ಹತ್ತಿರ ಬಂದ ಹೆಲ್ಮೆಟ್ಟು ಒಮ್ಮೆ ಹಿಂದಕ್ಕೆ ತಿರುಗುತ್ತಿತ್ತು. ಆ ಎಪ್ಪತ್ತಾರರಲ್ಲಿ ಅವಳ ತಂಡದ ಮೇಲೆ ಗೋಲಾದದ್ದು ಒಮ್ಮೆ ಮಾತ್ರ. ಪಕ್ ತಮ್ಮ ಗೋಲಿನ ಕಡೆ ಇದ್ದಾಗಲೂ ಕೋಚ್ ಕೂಗಿದ ತಕ್ಷಣ ಬಂದದ್ದು ಒಂಬತ್ತು ಸಲ. ಅದರಲ್ಲಿ ಮೂರು ಸಲ, ಬದಲಿ ಹುಡುಗಿ ಐಸಿಗೆ ಇಳಿಯುವಷ್ಟರಲ್ಲಿ ಎದುರಿನವರು ಗೋಲು ಹೊಡೆದಿದ್ದರು. ಪಟ್ಟಿ ಅವನದೇ, ವೀಡಿಯೋ ಅವನದೇ. ಇಪ್ಪತ್ತೆರಡು ಪಂದ್ಯವನ್ನು ಫೋನಿನೊಳಗಿಂದ ನೋಡಿದ್ದ ಅವನಿಗೆ ಕಾಣದ್ದು, ಬೆಂಚಿನ ಇನ್ನೊಂದು ತುದಿಯ ಗೇಟು ಕಾಯುತ್ತ ನಿಂತವರಿಗೆ ಕಂಡಿತ್ತು.

ಮಗಳನ್ನು ಕರೆದ. "ಅಪ್ಪೂ, ಕರೆದಾಗ ಯಾಕೆ ಬರಲ್ಲ ನೀನು?"

"ಐ ಡೋಂಟ್ ನೋ, ಅಪ್ಪಾ. ಇಟ್ಸ್ ನಾಟ್ ಸೇಫ್ ಯೆಟ್, ಸೋ ಐ ಸ್ಟೇ."

"ಡಿಫೆನ್ಸ್ ಆಡ್ತೀಯಾ?"

ಅವಳು ಭುಜ ಕುಣಿಸಿದಳು. ಆಮೇಲೆ, ಬಹಳ ಅಪರೂಪಕ್ಕೆ, ಕನ್ನಡದಲ್ಲಿ ಕೇಳಿದಳು. "ಅಂಕಲ್ ಯಾಕೆ ನಮ್ ಕಾರಲ್ಲಿ ಬರಲ್ಲ?"

ಹೆಡ್‌ಫೋನಿನಲ್ಲಿ ಆ ಶನಿವಾರ ಹಾಡು ಇರಲಿಲ್ಲವೆಂದು ರಾಮಮೂರ್ತಿಗೆ ಆಗ ತಿಳಿಯಿತು.

ಟ್ರೈಔಟಿನ ಫಾರಂ ಅವನು ಆಗಲೇ ತುಂಬಿಯಾಗಿತ್ತು. ಅದನ್ನು ತೆರೆದು, ಫಾರ್ವರ್ಡ್ ಎಂದಿದ್ದುದನ್ನು ತೆಗೆದು ಡಿಫೆನ್ಸ್ ಎಂದು ಮಾಡಿದ. ಚನ್ನವೀರಪ್ಪನವರಿಗೆ ಫೋನ್ ಮಾಡಲಿಲ್ಲ. ಫೋನಿನಲ್ಲಿ ಹೇಳುವ ಮಾತಲ್ಲ, ಎದುರಿಗೆ ಕೂತು ಹೇಳಬೇಕು ಎಂದುಕೊಂಡ. ಟ್ರೈಔಟಿಗೆ ಇನ್ನೂ ಹದಿನಾಲ್ಕು ದಿನವಿತ್ತು. ಒಂದು ದಿನವೂ ಆ ನಾಲ್ಕು ಮನೆ ದಾಟಿ ಹೋಗಲು ಅವನಿಗೆ ಕಾಲು ಬರಲಿಲ್ಲ.

ಟ್ರೈಔಟ್ ಮುಗಿದ ಮೂರನೆಯ ದಿನ, ಬುಧವಾರ, ತಂಡದ ಪಟ್ಟಿ ಬಂತು. ಆರು ಜನ ಡಿಫೆನ್ಸಿನವರಲ್ಲಿ ಆರನೆಯ ಹೆಸರು ಅಪೂರ್ವಳದು. ಅವಳು ಅದನ್ನು ಓದಿ ಫೋನು ಮಗುಚಿಟ್ಟು ಕೋಣೆಗೆ ಹೋದಳು. ಗುರುವಾರ ಮಣ್ಣು ಆಯಿತು. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಕಡೆಯವರೆಲ್ಲ ಬಂದಿದ್ದರು. ಕೋಕಿಲಾ ಅವರ ಜೊತೆ, ಈಗ ಆರಡಿ ದಾಟಿದ ಸುಮುಖ್ ಕೂಡ ಬಂದು ಹಿಂದೆ ನಿಂತಿದ್ದ. ರಾಮಮೂರ್ತಿ ಅವನ ಪಕ್ಕದಲ್ಲಿ ಹೋಗಿ ನಿಂತುಕೊಂಡ.

ಏಪ್ರಿಲ್ ಇಪ್ಪತ್ತೆಂಟರ ಆ ಭಾನುವಾರ, ಕೊನೆಯ ಟ್ರೈಔಟಿಗೆ ಕ್ಲಬ್ಬಿನವರು ಕೇಳಿದ್ದರಿಂದ ಚನ್ನವೀರಪ್ಪನವರು ಡಿಫೆನ್ಸ್ ಗೇಟಿಗೆ ಬಂದಿದ್ದರು. ಫಾರ್ವರ್ಡ್‌ಗಳಿಗೆ ಬಿಳಿ ಅಂಗಿ, ಡಿಫೆನ್ಸಿನವರಿಗೆ ಕಪ್ಪು. ಮಕ್ಕಳು ಸಾಲಾಗಿ ಬಂದರು. ಕಪ್ಪು ಅಂಗಿಯಲ್ಲಿ ಅಪೂರ್ವ ಬಂದು ಬೆಂಚಿನ ಅವರ ತುದಿಯಲ್ಲಿ ಕೂತಳು. ಅವರು ಅವಳನ್ನು ನೋಡಿದರು. ಅವಳ ಅಂಗಿಯನ್ನು ನೋಡಿದರು. ಆಮೇಲೆ ತಲೆಯೆತ್ತಿ ಮೇಲಿನ ಸಾಲುಗಳಲ್ಲಿ ಹುಡುಕಿದರು. ರಾಮಮೂರ್ತಿ ಕೈಯೆತ್ತಿದ. ಅವರು ಉಣ್ಣೆಯ ಟೊಪ್ಪಿಗೆಯನ್ನು ಕಿವಿಯ ಮೇಲೆ ಎಳೆದುಕೊಂಡು ಐಸಿನ ಕಡೆ ತಿರುಗಿದರು.

ಕೊನೆಯ ಎರಡು ನಿಮಿಷ. "ಬದಲಾಗಿ!" ಎಂದು ಕೋಚ್ ಕೂಗಿದಳು. ಜೊತೆಯ ಹುಡುಗಿ ಬಂದು ಕೂತಳು. ಅಪೂರ್ವ ಗೇಟಿನವರೆಗೆ ಬಂದು, ತಿರುಗಿ ನೋಡಿ, ವಾಪಸು ಓಡಿದಳು. ಕೋಚ್ ಇನ್ನೊಮ್ಮೆ ಕೂಗಿದಳು. ಚನ್ನವೀರಪ್ಪನವರು ಗೇಟು ತೆರೆಯಲಿಲ್ಲ, ಚಿಲಕದ ಮೇಲಿನ ಕೈಯನ್ನೂ ತೆಗೆಯಲಿಲ್ಲ. ಅವಳು ಪಕ್ಕನ್ನು ಗೋಡೆಗುಂಟ ದೂರ ಹೊಡೆದು, ಅದು ನಡುಗೆರೆ ದಾಟಿತೆಂದು ಕಂಡ ಮೇಲೆ ಬಂದಳು. ಎರಡು ಹೆಜ್ಜೆ ಇರುವಾಗ ಗೇಟು ತೆರೆಯಿತು.

"ಬಾರವ್ವಾ," ಎಂದರು. ಮೇಲೆ ಕೂತವನಿಗೆ ಕೇಳುವಷ್ಟು ಜೋರಾಗಿ.

ಗಂಟೆ ಹೊಡೆಯಿತು. ಮಕ್ಕಳೆಲ್ಲ ಒಳಗೆ ಹೋದರು. ಇವತ್ತು ಹೇಳಿಬಿಡಬೇಕೆಂದು ರಾಮಮೂರ್ತಿ ಕಾಫಿ ತರಲು ಎದ್ದ. ಅವರಿಗೆ ಸಕ್ಕರೆ ಎರಡು, ಕ್ರೀಮ್ ಎರಡು. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದ. ಖಾಲಿ ಬೆಂಚಿನಲ್ಲಿ ಚನ್ನವೀರಪ್ಪನವರು ಒಬ್ಬರೇ ಇದ್ದರು. ಮುಂದೆ ಬೇರೆ ಯಾವುದೋ ಊರಿನ ತಂಡ ಆಡುವುದಿತ್ತು. ಅವರು ಬಗ್ಗಿ, ಬ್ರಷ್ಷಿನಿಂದ ಚಿಲಕದ ಐಸಿನ ಪುಡಿಯನ್ನು ನಿಧಾನವಾಗಿ ತೆಗೆದು, ಬ್ರಷ್ಷನ್ನು ಜೇಬಿಗೆ ಹಾಕಿಕೊಂಡು, ಗೇಟು ಮುಚ್ಚಿ, ಸರಿಯಾಗಿ ಕೂತಿದೆಯೇ ಎಂದು ಅಂಗೈಯಿಂದ ಒಮ್ಮೆ ನೂಕಿ ನೋಡಿದರು.