ಅಳುವ ಮಕ್ಕಳು ಬರುತ್ತಿದ್ದ ದಾರಿ

ಎಣಿಕೆಯ ಯಂತ್ರ ಕೆಟ್ಟಿದೆ ಎಂದೇ ತಿಲಗವತಿ ಮೊದಲು ಅಂದುಕೊಂಡಳು. ಅಂಗೈಯಲ್ಲಿ ಹಿಡಿಸುವ ಪುಟ್ಟ ಉಕ್ಕಿನ ಡಬ್ಬಿ ಅದು. ಒಂದು ಮಗು ತಿರುಗುವ ಆಟದ ಬಾತುಕೋಳಿಯ ಮೇಲೆ ಕೂತರೆ ಹೆಬ್ಬೆರಳಿನಿಂದ ಒಂದು ಸಲ ಒತ್ತಬೇಕು. ಸಂಜೆ ಐದೂವರೆಗೆ ಅದು ನೂರ ನಲವತ್ತೊಂದು ತೋರಿಸುತ್ತಿತ್ತು. ಪರೀಕ್ಷೆಗೆಂದು ಒಮ್ಮೆ ಒತ್ತಿದಳು. ನೂರ ನಲವತ್ತೆರಡಾಯಿತು. ಯಂತ್ರ ಸರಿಯಾಗಿಯೇ ಇತ್ತು. ಆ ಹೆಚ್ಚಿನ ಒಂದನ್ನು ಕಳೆದು ಹಲಗೆಯ ಮೇಲೆ ನೂರ ನಲವತ್ತೊಂದು ಎಂದು ಬರೆದಳು. ಬರೆದಾದ ಮೇಲೂ ಸೀಮೆಸುಣ್ಣವನ್ನು ಕೆಳಗಿಡಲು ಕೈ ಬರಲಿಲ್ಲ.

ಹೋದ ತಿಂಗಳ ಇಂಥದೇ ಒಂದು ಭಾನುವಾರ, ಹಳೆಯ ಜಾಗದಲ್ಲಿ, ಇದೇ ಹಲಗೆಯ ಮೇಲೆ ಎಂಟುನೂರ ಎಪ್ಪತ್ತು ಇತ್ತು. ಅವೇ ಹನ್ನೆರಡು ಬಾತುಕೋಳಿಗಳು, ಅದೇ ಹಳದಿ, ಅದೇ ಮೂರು ನಿಮಿಷದ ಸುತ್ತು. ಸನ್ನೆಕೋಲು ಹಿಡಿದ ಕೈಯೂ ಅದೇ.

ಚೆನ್ನೈನಿಂದ ಮಹಾಬಲಿಪುರಕ್ಕೆ ಹೋಗುವ ಕಡಲ ರಸ್ತೆಯ ಮೇಲೆ ‘ಅಲೈಮಾಳಿಗೆ’ ಎಂಬ ಆ ಆಟದ ಉದ್ಯಾನ ತೆರೆದ ವರ್ಷವೇ ತಿಲಗವತಿ ಅಲ್ಲಿ ಕಸ ಗುಡಿಸಲು ಸೇರಿದ್ದಳು. ಆಗ ಅವಳಿಗೆ ಇಪ್ಪತ್ತೈದು. ಮೂರನೆಯ ತಿಂಗಳು ಬಾತುಕೋಳಿ ಸುತ್ತಿನವನಿಗೆ ವಾಂತಿ ಹತ್ತಿಕೊಂಡು, ‘ಒಂದು ಗಂಟೆ ಈ ಕೋಲು ಹಿಡ್ಕೊಳಮ್ಮ’ ಎಂದು ಹೇಳಿ ಹೋದ. ಅವನು ಮತ್ತೆ ಬರಲಿಲ್ಲ, ಇವಳು ಕೋಲು ಬಿಡಲಿಲ್ಲ. ಆಳು ಗಿಡ್ಡ, ಹನ್ನೆರಡೂ ಬಾತುಕೋಳಿ ಒಟ್ಟಿಗೆ ಕಾಣಬೇಕಾದರೆ ಒಂದು ಹಣ್ಣಿನ ಪೆಟ್ಟಿಗೆಯನ್ನು ಬೋರಲು ಹಾಕಿ ಅದರ ಮೇಲೆ ನಿಲ್ಲಬೇಕು. ಇಪ್ಪತ್ತೆರಡು ವರ್ಷದಲ್ಲಿ ಏಳು ಪೆಟ್ಟಿಗೆ ಸವೆದಿದ್ದವು.

ಆ ಸುತ್ತಿಗೆ ಬರುವ ಮಕ್ಕಳಲ್ಲಿ ಮುಕ್ಕಾಲು ಪಾಲು ಅಳುತ್ತಲೇ ಬರುತ್ತಿದ್ದವು. ಹಳೆಯ ಜಾಗದ ಪಕ್ಕದಲ್ಲಿ ತಿಮಿಂಗಿಲದ ಚಿತ್ರ ಬರೆದ ಒಂದು ಎತ್ತರದ ಗೋಡೆ, ಗೋಡೆಯಲ್ಲಿ ಒಂದು ಸಂದಿ. ಆ ಸಂದಿಯಿಂದ ಕಣ್ಣೊರೆಸಿಕೊಳ್ಳುತ್ತಾ ಬಂದು ಬಾತುಕೋಳಿ ಹತ್ತುವ ಮಗು, ಇಳಿಯುವಾಗ ನಗುತ್ತಿತ್ತು. ಮಕ್ಕಳೆಂದ ಮೇಲೆ ಅಳು ಇದ್ದದ್ದೇ, ಬಿಸಿಲು, ಹಸಿವು, ನಿದ್ದೆ ಎಂದು ತಿಲಗವತಿ ಅದರ ಕಾರಣ ಹುಡುಕಿರಲಿಲ್ಲ. ಅವಳು ನೋಡಿದ್ದು ಅಳು ನಿಲ್ಲುವುದನ್ನು ಮಾತ್ರ. ಉದ್ಯಾನದ ಜನ ಅದಕ್ಕೆ ‘ಕೈರಾಸಿ’ ಎಂದು ಹೆಸರಿಟ್ಟರು. ನಾವು ಕೈಗುಣ ಅನ್ನುತ್ತೇವಲ್ಲ, ಅದೇ. ವೈದ್ಯರಿಗಿರುವಂತೆ, ಮೊದಲ ಬೋಣಿ ಮಾಡುವವರಿಗಿರುವಂತೆ ಇವಳ ಕೈಗೂ ಒಂದು ಗುಣವಿದೆ ಎಂದು ಎಲ್ಲರೂ ನಂಬಿದರು. ಗಂಡ ದೇಸಪ್ಪನ್ ಮೀನುಗಾರ, ಬಲೆ ಬರಿದಾಗಿ ಬಂದ ದಿನ, “ಸಮುದ್ರದಲ್ಲಿ ನನಗೆ ಒಂದು ಮೀನಿಲ್ಲ, ಒಣನೆಲದಲ್ಲಿ ನಿನ್ನ ಬಾತುಕೋಳಿಗೆ ಸುಗ್ಗಿ. ನಾಳೆ ಬಲೆ ಒಂದ್ಸಲ ಮುಟ್ಟಿಕೊಡೇ,” ಎಂದು ಕೆಣಕುತ್ತಿದ್ದ. ಅವಳು ನಕ್ಕು ಮುಟ್ಟಿಕೊಡುತ್ತಿದ್ದಳು. ಒಳಗೊಳಗೆ ಅವಳೂ ನಂಬಿದ್ದಳು.

ವ್ಯವಸ್ಥಾಪಕ ಇಳಂಗೋವನ್ ಕೂಡ ನಂಬಿದ್ದಕ್ಕೇ ಈ ಪಾಡು. ದೀಪಾವಳಿ ಮುಗಿದ ವಾರ ಅವನು ಬಂದು, “ಅಕ್ಕಾ, ನಿಮ್ಮಂಥ ಕೈ ಮೂಲೆಯಲ್ಲಿ ಇರಬಾರದು. ಗೇಟಿನ ಎದುರಿಗೇ ಹಾಕ್ತೀನಿ. ಒಳಗೆ ಕಾಲಿಟ್ಟ ಮಗು ಮೊದಲು ನೋಡೋದು ನಿಮ್ಮ ಬಾತುಕೋಳೀನೇ,” ಎಂದ. ಕಾಂಕ್ರೀಟು ಹಾಕಿಸಿದ, ಬಣ್ಣದ ಚಪ್ಪರ ಕಟ್ಟಿಸಿದ. ಹಳೆಯ ಜಾಗಕ್ಕೆ ಜೋಳದ ಅಂಗಡಿ ಬಂತು.

ಗೇಟಿನ ಎದುರು ನಿಂತು ತಿಲಗವತಿ ಒಂದು ವಾರ ಜನರ ಮಾತನ್ನು ಕಿವಿಗೊಟ್ಟು ಕೇಳಿದಳು. ಬೆಳಗ್ಗೆ ಒಳಬರುವವರೆಲ್ಲ ಮಗುವಿನ ರಟ್ಟೆ ಹಿಡಿದು, “ಇದನ್ನ ಆಮೇಲೆ ನೋಡೋಣ ಬಾ, ಒಳಗೆ ಇನ್ನೂ ದೊಡ್ಡದಿದೆ,” ಅನ್ನುತ್ತಿದ್ದರು. ಸಂಜೆ ಹೊರಹೋಗುವಾಗ ಮಗು ಅಪ್ಪನ ಹೆಗಲ ಮೇಲೆ ನಿದ್ದೆ ಹೋಗಿರುತ್ತಿತ್ತು, ಹೊರಗೆ ಬಸ್ಸಿನವನು ಹಾರನ್ ಒತ್ತುತ್ತಿದ್ದ. ‘ಆಮೇಲೆ’ ಎಂಬುದು ಯಾರಿಗೂ ಬರುತ್ತಿರಲಿಲ್ಲ. ಅವಳು ಬಾತುಕೋಳಿಗಳನ್ನು ದಿನಕ್ಕೆ ಎರಡು ಸಲ ಒರೆಸಿದಳು. ಕೊಕ್ಕುಗಳಿಗೆ ಹೊಸ ಕೆಂಪು ಬಳಿದಳು. ನಾಚಿಕೆ ಬಿಟ್ಟು ಗೇಟಿನಲ್ಲಿ ನಿಂತು ಬಾತುಕೋಳಿಯ ಹಾಗೆ ಕೂಗಿದಳು. ನೂರ ನಲವತ್ತೊಂದು, ನೂರ ಹನ್ನೆರಡು, ನೂರ ಆರು.

ಡಿಸೆಂಬರ್ ಕೊನೆಗೆ ಇಳಂಗೋವನ್ ಮತ್ತೆ ಬಂದ. ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಹೆಚ್ಚು ಭಯ ಹುಟ್ಟಿಸಿತು.

“ಏನಕ್ಕಾ, ಕೈ ಎಲ್ಲಾದ್ರೂ ಮರೆತು ಬಂದ್ರಾ?”

“ಕೈ ಇಲ್ಲೇ ಇದೆ ಸಾರ್. ಮಕ್ಕಳೇ ಇಲ್ಲ.”

“ಕಾಣುಂ ಪೊಂಗಲ್ ಹಬ್ಬದವರೆಗೆ ನೋಡ್ತೀನಿ. ಅವತ್ತು ಇಡೀ ಊರೇ ಇಲ್ಲಿರತ್ತೆ. ಅವತ್ತೂ ಐನೂರು ದಾಟ್ಲಿಲ್ಲ ಅಂದ್ರೆ ಇದನ್ನ ಬಿಚ್ಚಿ ಗುಜರಿಗೆ ಹಾಕೋದೇ. ನಿಮಗೆ ಬಟ್ಟೆ ಬದಲಾಯಿಸೋ ಕೋಣೆ ಹತ್ರ ಬೀಗದ ಕೈ ಕೊಡೋ ಕೆಲಸ ಇದೆ, ಹೆದರಬೇಡಿ.”

ಬೀಗದ ಕೈ ಕೊಡುವ ಕೆಲಸ! ಹನ್ನೆರಡು ಬಾತುಕೋಳಿಗಳಿಗೂ ಅವಳು ಒಂದೊಂದು ಹೆಸರಿಟ್ಟಿದ್ದಳು, ಯಾರಿಗೂ ಹೇಳಿರಲಿಲ್ಲ.

ಜನವರಿಯ ಮೊದಲ ಶನಿವಾರ, ಮಧ್ಯಾಹ್ನ, ಸುತ್ತಿನಲ್ಲಿ ಒಂದು ಮಗುವೂ ಇಲ್ಲದ ಹೊತ್ತಿನಲ್ಲಿ ಅವಳು ಕೋಲಿಗೆ ಬೀಗ ಹಾಕಿ ಹಳೆಯ ಜಾಗವನ್ನು ನೋಡಲು ಹೋದಳು. ಇಪ್ಪತ್ತೆರಡು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ಬಾತುಕೋಳಿಗಳನ್ನು ಬಿಟ್ಟು ದೂರ ಹೋದದ್ದು ಅದೇ ಮೊದಲು. ಮೊದಲೆಲ್ಲ ಅಷ್ಟು ಪುರುಸೊತ್ತು ಎಲ್ಲಿತ್ತು? ಊಟವನ್ನೂ ಸುತ್ತು ಸುತ್ತುಗಳ ನಡುವೆ ನಿಂತೇ ಮುಗಿಸುತ್ತಿದ್ದಳು.

ಜೋಳದ ಅಂಗಡಿಯ ಮುಂದೆ ಐದಾರು ಮಕ್ಕಳು ಅಳುತ್ತಾ ನಿಂತಿದ್ದರು. ಜೋಳದವಳು ಬೈಯುತ್ತಿದ್ದಳು: “ಬಾತುಕೋಳಿ ಇಲ್ಲ, ಎಲ್ಲೂ ಇಲ್ಲ, ಜೋಳ ಬೇಕಾದ್ರೆ ತಗೊಳ್ಳಿ! ದಿನಾ ಇದೇ ಗೋಳು.”

ತಿಲಗವತಿ ನಿಂತಲ್ಲೇ ನಿಂತಳು. ನೋಡುತ್ತಿದ್ದಂತೆಯೇ ಸಂದಿಯಿಂದ ಇನ್ನೊಂದು ಮಗು ಅಳುತ್ತಾ ಬಂತು, ಅದರ ಹಿಂದೆ ಇನ್ನೊಂದು. ಬಾತುಕೋಳಿಗಳು ಹೋಗಿ ಎರಡು ತಿಂಗಳಾದರೂ ಅಳು ಅದೇ ಜಾಗಕ್ಕೆ, ಅದೇ ದಾರಿಯಲ್ಲಿ ಬರುತ್ತಿತ್ತು. ಅಂದರೆ ಅಳು ತಾನಾಗಿ ಬಾತುಕೋಳಿಯನ್ನು ಹುಡುಕಿಕೊಂಡು ಬರುತ್ತಿರಲಿಲ್ಲ. ಯಾರೋ ಅದನ್ನು ಕಳಿಸುತ್ತಿದ್ದರು. ಅವಳು ಸಂದಿಯೊಳಗೆ ನುಗ್ಗಿ, ಅಳುವ ಮಕ್ಕಳ ಎದುರು ದಿಕ್ಕಿಗೆ ನಡೆದಳು.

ಗೋಡೆಯ ಆಚೆ ಇದ್ದದ್ದು ‘ಸೂರಾವಳಿ’, ಉದ್ಯಾನದ ಅತಿ ದೊಡ್ಡ ಆಟ, ಬಾನೆತ್ತರ ಏರಿ ತಲೆಕೆಳಗಾಗಿ ಬೀಳುವ ಗಾಡಿ. ಅದರ ಕಿರುಚಾಟವನ್ನು ಅವಳು ದಿನವೂ ಕೇಳಿದ್ದಳು, ಬಾಗಿಲನ್ನು ನೋಡಿರಲಿಲ್ಲ, ಕಸ ಗುಡಿಸುವಾಗಲೂ ಆ ಕಡೆ ಅವಳ ಪಾಲಿಗೆ ಬಂದಿರಲಿಲ್ಲ. ಬಾಗಿಲಲ್ಲಿ ಒಂದು ಮರದ ಆನೆ, ಸೊಂಡಿಲನ್ನು ಅಡ್ಡಕ್ಕೆ ಚಾಚಿ ನಿಂತಿತ್ತು. ಸೊಂಡಿಲಿಗೆ ತಲೆ ತಾಗಿದರೆ ಒಳಗೆ, ತಾಗದಿದ್ದರೆ ಇಲ್ಲ. ನೂರ ನಲವತ್ತು ಸೆಂಟಿಮೀಟರ್. ಆನೆಯ ಪಕ್ಕದಲ್ಲಿ ಅರುಳಪ್ಪನ್ ನಿಂತಿದ್ದ. ಸಿಬ್ಬಂದಿಯ ಬಸ್ಸಿನಲ್ಲಿ ಅವಳ ಹಿಂದಿನ ಸೀಟಿನವನು. ಸರತಿಯಲ್ಲಿ ನಲವತ್ತು ನಿಮಿಷ ಕಾದು ಬಂದಿದ್ದ ಒಬ್ಬ ಹುಡುಗನ ತಲೆಯ ಮೇಲೆ ಕೈಯಿಟ್ಟು ಅವನು ಹೇಳುತ್ತಿದ್ದ:

“ಬೆಳೆದು ಬಾ ಕಣ್ಣೇ, ಈ ಆನೆ ಎಲ್ಲೂ ಹೋಗಲ್ಲ. ಅಲ್ಲಿವರೆಗೆ ಆ ಸಂದಿಯಿಂದ ಹೋಗು, ಬಾತುಕೋಳಿ ನಿನಗೋಸ್ಕರ ಕಾಯ್ತಿದೆ...” ಅಷ್ಟರಲ್ಲಿ ತಿಲಗವತಿಯನ್ನು ಕಂಡು ನಾಲಿಗೆ ಕಚ್ಚಿಕೊಂಡ. “ಅಯ್ಯೋ ಅಕ್ಕಾ. ಬಾಯಿಗೆ ರೂಢಿಯಾಗಿಬಿಟ್ಟಿದೆ.”

“ಎಷ್ಟು ವರ್ಷದಿಂದ ಹೀಗೆ ಹೇಳ್ತಿದೀಯ ಅಣ್ಣಾ?”

“ಬಂದಾಗಿಂದ. ಹದಿನಾಲ್ಕು ವರ್ಷ. ನನಗಿಂತ ಮೊದಲಿದ್ದವನೂ ಹೀಗೇ ಹೇಳ್ತಿದ್ದ, ಅವನೇ ಕಲಿಸಿ ಹೋದ. ಯಾಕೆ, ದಿನಾ ಬಸ್ಸಲ್ಲಿ ನಿನ್ನ ಕೇಳ್ತಿರ್ಲಿಲ್ವಾ, ಇವತ್ತು ಎಷ್ಟು ಕಳಿಸ್ಲಿ ಅಂತ?”

ಕೇಳುತ್ತಿದ್ದ. ದಿನವೂ ಕೇಳುತ್ತಿದ್ದ. ಅವಳು ಮುಖ ತಿರುಗಿಸಿಕೊಂಡು, ‘ಲಾರಿ ತುಂಬ ಕಳಿಸು’ ಅನ್ನುತ್ತಿದ್ದಳು.

“ನೀನು ಗೇಲಿ ಮಾಡ್ತಿದೀಯ ಅಂದ್ಕೊಂಡಿದ್ದೆ.”

“ಗೇಲೀನಾ? ಪುಣ್ಯಾತ್ಗಿತ್ತಿ, ನಾನು ಲಾರಿ ತುಂಬಾನೇ ಕಳಿಸ್ತಿದ್ದೆ!”

ಅವಳು ಸೀರೆಯ ಸೆರಗಿನಿಂದ ಎಣಿಕೆಯ ಯಂತ್ರ ತೆಗೆದು, ಆನೆಯ ಇನ್ನೊಂದು ಬದಿಗೆ ನಿಂತು, ಒಂದು ಗಂಟೆ ಎಣಿಸಿದಳು. ವಾಪಸ್ಸು ಕಳಿಸಿದವರು ನಲವತ್ತಮೂರು ಮಕ್ಕಳು. ಉದ್ಯಾನ ತೆರೆದಿರುವುದು ಏಳೂವರೆ ಗಂಟೆ. ಹೆಚ್ಚುಕಡಿಮೆ ಪ್ರತಿ ಮಗುವಿನ ಜೊತೆಗೂ ಒಬ್ಬ ತಮ್ಮನೋ ತಂಗಿಯೋ ಬಾಲದ ಹಾಗೆ ಹೋಗುತ್ತಿತ್ತು. ಆದ್ದರಿಂದ ಅದರ ಎರಡರಷ್ಟು. ಆರುನೂರ ನಲವತ್ತೈದು. ಹಳೆಯ ಜಾಗದ ಇಷ್ಟು ವರ್ಷಗಳ ದಿನದ ಸರಾಸರಿ ಆರುನೂರ ನಲವತ್ತು.

ಬೆರಳು ಮಡಿಸಿ ಇನ್ನೊಮ್ಮೆ ಲೆಕ್ಕ ಹಾಕಿದಳು. ಕೈಗುಣಕ್ಕೆಂದು ಅದರಲ್ಲಿ ಏನೂ ಉಳಿಯಲಿಲ್ಲ. ಐದು ಕಡಿಮೆಯೇ ಬಿತ್ತು. ತನ್ನದೇ ಬಲಗೈಯನ್ನು, ಅದು ಬೇರೆ ಯಾರದ್ದೋ ಎಂಬಂತೆ, ತಿರುಗಿಸಿ ನೋಡಿದಳು. ಗಂಡನ ಬಲೆಯನ್ನು ಮುಟ್ಟಿಕೊಟ್ಟ ಕೈ.

“ಬಿಸಿಲಲ್ಲಿ ನಿಲ್ಲಬೇಡ ಅಕ್ಕಾ, ಈ ಕಡೆ ಬಾ,” ಎಂದು ಅರುಳಪ್ಪನ್ ಅವಳನ್ನು ಆನೆಯ ನೆರಳಿಗೆ ಎಳೆದ. ಎಳೆದವನು ಹಾಗೇ ಬಾಯಿ ತೆರೆದು ನಿಂತ. ಸೊಂಡಿಲು ಅವಳ ತಲೆಯ ಮೇಲೆ, ತಲೆಗೆ ತಾಗದೆ, ಎರಡು ಬೆರಳು ಎತ್ತರದಲ್ಲಿತ್ತು.

“ಅಯ್ಯಯ್ಯೋ! ನಿನ್ನನ್ನೂ ಬಿಡೋ ಹಾಗಿಲ್ಲ!”

ಸರತಿಯಲ್ಲಿದ್ದವರೆಲ್ಲ ನಕ್ಕರು. ತಿಲಗವತಿ ಮೇಲೆ ನೋಡಿದಳು. ಇಪ್ಪತ್ತೆರಡು ವರ್ಷ ಇಲ್ಲಿ ದುಡಿದವಳಿಗೆ ಈ ಬಾಗಿಲು ದಾಟುವ ಎತ್ತರವಿಲ್ಲ ಎಂಬುದು ಅವತ್ತೇ ತಿಳಿಯಿತು.

ಸೋಮವಾರ ಅವಳು ಇಳಂಗೋವನ್‌ನ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಒಂದಾದ ಮೇಲೊಂದು ಹೇಳಿದಳು. ಕೇಳುತ್ತಾ ಕೇಳುತ್ತಾ ಅವನು ಹಿಡಿದಿದ್ದ ಕಾಫಿ ಆರಿಹೋಯಿತು.

“ಹಾಗಾದ್ರೆ ನಿಮ್ಮ ಕೈರಾಸಿ?”

“ಅದು ಸಂದಿಯ ರಾಸಿ ಸಾರ್.”

“ಈಗೇನು, ಬಾತುಕೋಳಿನ ವಾಪಸ್ ಹಾಕು ಅಂತೀರಾ? ಕಾಂಕ್ರೀಟಿನಲ್ಲಿ ಹೂತಾಗಿದೆ ಅಕ್ಕಾ, ಆಗದ ಮಾತು.”

“ಬಾತುಕೋಳಿ ಅಲ್ಲೇ ಇರಲಿ ಸಾರ್. ಆನೆ ಕೊಡಿ.”

“ಯಾವ ಆನೆ?”

“ಅರುಳಪ್ಪನ್ ಅಣ್ಣನ ಆನೆ. ಗೇಟಿಗೆ ಬಂದ ತಕ್ಷಣ ಅಳೆದು ಹೇಳಿಬಿಡೋಣ. ತಾಗಿದೋರ ಕೈಗೆ ಒಂದು ಕೆಂಪು ದಾರ ಕಟ್ಟಿದ್ರೆ ಆಯ್ತು. ನಲವತ್ತು ನಿಮಿಷ ಕಾಯಿಸಿ ಇಲ್ಲ ಅನ್ನೋದು ತಪ್ಪತ್ತೆ. ಸಿಟ್ಟಿಗೆದ್ದ ಅಪ್ಪಂದಿರು ಅಣ್ಣನ ಮೈಮೇಲೆ ಬೀಳೋದೂ ತಪ್ಪತ್ತೆ.”

ಆ ಅಪ್ಪಂದಿರ ದೂರುಗಳು ಇಳಂಗೋವನ್‌ನ ಮೇಜಿನ ಮೇಲೆ ಒಂದು ಮೊಳ ಎತ್ತರಕ್ಕಿದ್ದವು. ಅವನು ಆ ಗುಡ್ಡೆಯನ್ನು ನೋಡಿದ, ಇವಳನ್ನು ನೋಡಿದ. “ಅದನ್ನ ಯಾರು ಅಳೀತಾರೆ?”

“ನಾನೇ ಸಾರ್. ಇನ್ಯಾರು?” ಎಂದಳು. ಹಾಗೆಂದರೆ ಏನೆಂದು ಆಗ ಅವಳು ಯೋಚಿಸಿರಲಿಲ್ಲ.

ಕಾಣುಂ ಪೊಂಗಲ್ ದಿನದ ಎಣಿಕೆ ಮಧ್ಯಾಹ್ನ ಎರಡು ಗಂಟೆಗೇ ಐನೂರು ದಾಟಿತು. ಬಾತುಕೋಳಿಗಳು ಗುಜರಿಗೆ ಹೋಗಲಿಲ್ಲ. ಆದರೆ ಆ ದಿನವೆಂದರೆ ತಿಲಗವತಿಗೆ ನೆನಪಾಗುವುದು ಐನೂರನೆಯ ಮಗುವಲ್ಲ, ಮೊದಲನೆಯದು.

ಹತ್ತಕ್ಕೆ ಗೇಟು ತೆರೆದಾಗ ಎಲ್ಲರಿಗಿಂತ ಮುಂದೆ ಓಡಿಬಂದವಳು ಏಳೆಂಟು ವರ್ಷದ ಹುಡುಗಿ, ರೇಷ್ಮೆ ಲಂಗ, ತಲೆಯ ಮೇಲೆ ಗೋಪುರದ ಹಾಗೆ ಎತ್ತಿ ಕಟ್ಟಿದ ಕನಕಾಂಬರ. ಬಂದವಳೇ ತಿಲಗವತಿಯ ಪೆಟ್ಟಿಗೆಯ ಪಕ್ಕಕ್ಕೆ ತಂದು ನಿಲ್ಲಿಸಿದ್ದ ಆನೆಯ ಕೆಳಗೆ ಉಸಿರು ಬಿಗಿಹಿಡಿದು ನಿಂತಳು. ಹೂವು ಸೊಂಡಿಲಿಗೆ ತಾಗಿತು.

“ತಾಗ್ತು! ಅಮ್ಮಾ, ತಾಗ್ತು!”

“ಹೂವು ಲೆಕ್ಕಕ್ಕಿಲ್ಲ ಕಣ್ಣೇ,” ಎಂದು ತಿಲಗವತಿ ಅಂಗೈಯಿಂದ ಹೂವನ್ನು ಮೆತ್ತಗೆ ಒತ್ತಿದಳು. ನಡುವೆ ಒಂದು ಗೇಣಿಗೂ ಹೆಚ್ಚು ಖಾಲಿ ಜಾಗ ಕಂಡಿತು.

ಹುಡುಗಿ ಕತ್ತೆತ್ತಿ ಅವಳ ಮುಖ ನೋಡಿದಳು. ಅಳು ಹುಟ್ಟುವ ಮೊದಲಿನ ಮುಖವನ್ನು ತಿಲಗವತಿ ಇಷ್ಟು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಅವಳ ಬಳಿಗೆ ಮಕ್ಕಳು ಬರುತ್ತಿದ್ದದ್ದು ಅತ್ತು ಅರ್ಧವಾದ ಮೇಲೆ. ಅಳಿಸಿದವರು ಗೋಡೆಯ ಆಚೆ ಇರುತ್ತಿದ್ದರು. ಈಗ ಅದು ಅವಳ ಕಣ್ಣೆದುರಿಗೇ, ಅವಳದೇ ಮಾತಿನಿಂದ ಆಗುತ್ತಿತ್ತು. ಮೊದಲು ಹುಬ್ಬು ಗಂಟಾಯಿತು, ಆಮೇಲೆ ಕೆಳತುಟಿ ಹೊರಬಂತು. ಅಳಿಸುವವಳು ತಾನೇ! ಅರುಳಪ್ಪನ್‌ನಿಂದ ಕಲಿತುಕೊಂಡಿದ್ದ ಮಾತು, ಬಸ್ಸಿನಲ್ಲಿ ಹತ್ತು ಸಲ ಒಪ್ಪಿಸಿದ್ದ ಮಾತು, ನೆನಪಿಗೆ ಬರಲಿಲ್ಲ.

ಏನು ಮಾಡುತ್ತಿದ್ದೇನೆಂದು ಗೊತ್ತಾಗುವ ಮೊದಲೇ ಅವಳು ಪೆಟ್ಟಿಗೆಯಿಂದ ಇಳಿದು, ಹುಡುಗಿಯನ್ನು ಪಕ್ಕಕ್ಕೆ ಸರಿಸಿ, ತಾನೇ ಸೊಂಡಿಲ ಕೆಳಗೆ ನೆಟ್ಟಗೆ ನಿಂತಳು.

“ನೋಡು. ನನ್ನನ್ನೂ ಬಿಡಲ್ಲ.”

ಹುಡುಗಿ ಸೊಂಡಿಲನ್ನು ನೋಡಿದಳು, ಅದರ ಕೆಳಗಿನ ಬೆಳಕಿನ ಗೆರೆಯನ್ನು ನೋಡಿದಳು, ಆಮೇಲೆ ನರೆತ ಬೈತಲೆಯನ್ನು. ಹೊರಬಂದಿದ್ದ ತುಟಿ ಹಾಗೇ ನಿಂತಿತು, ಅಳುವುದು ಮರೆತೇಹೋಯಿತು.

“ನೀವು ಅಜ್ಜಿ ಅಲ್ವಾ?”

“ಅಜ್ಜಿ ಅಲ್ಲ ಕಣೇ, ನಲವತ್ತೇಳು.”

“ಆದ್ರೂ ಬಿಡಲ್ವಾ?”

“ಬಿಡಲ್ಲ. ಅದಕ್ಕೇ ನಾನು ಬಾತುಕೋಳಿ ಹತ್ರ ಇರೋದು.”

ಹುಡುಗಿ ಸರತಿಯ ಕಡೆ ತಿರುಗಿ, ರಸ್ತೆಯವರೆಗೆ ಕೇಳಿಸುವಂತೆ ಕಿರುಚಿದಳು: “ಅಮ್ಮಾ! ಈ ಅಜ್ಜೀನೂ ಬಿಡಲ್ವಂತೆ!” ಮತ್ತೆ ಮತ್ತೆ ಹಿಂತಿರುಗಿ ನೋಡುತ್ತಾ, ನಂಬಲಾಗದವಳಂತೆ ಬಾಯಿ ತೆರೆದುಕೊಂಡೇ ಹೋಗಿ, ಮೂರನೆಯ ಬಾತುಕೋಳಿಯ ಮೇಲೆ ಕೂತಳು.

ತಿಲಗವತಿ ಆನೆಯ ಕೆಳಗೇ ನಿಂತಿದ್ದಳು. ಎಣಿಕೆಯ ಯಂತ್ರವನ್ನು ಒತ್ತಬೇಕೆಂಬುದು ಅವಳಿಗೆ ನೆನಪಾದದ್ದು, ಮುಂದಿನ ಮಗು ಬಂದು ಸೆರಗು ಜಗ್ಗಿ, “ಸರೀರಿ, ಈಗ ನನ್ನ ಸರದಿ,” ಎಂದಾಗ.