ರಾಜಾರಾಮ ಅಂಬಿಯ ಒಂಟಿ ದೋಣಿ

ರಾಜಾರಾಮ ಅಂಬಿ ಹದಿನಾಲ್ಕು ವರ್ಷ ಏನು ನೌಕರಿ ಮಾಡಿದನೆಂಬುದು ಅವನ ಊರಿನವರಿಗೆ ಕೊನೆಗೂ ಸರಿಯಾಗಿ ತಿಳಿಯಲಿಲ್ಲ. ಸದಲಗಾದ ಕಡೆ ದೂಧಗಂಗಾ ನದಿಯ ದಂಡೆಗೆ ಅಂಟಿಕೊಂಡ ಸಣ್ಣ ಊರು ಅದು. ಕಾಡಿನೊಳಗಿನ ಯಾವುದೋ ಹೊಳೆಯಲ್ಲಿ ದೋಣಿ ಹಾಕುತ್ತಾನೆ ಎಂದು ಕೆಲವರು, ರೆಸಾರ್ಟಿನಲ್ಲಿ ಅಡುಗೆ ಮಾಡುತ್ತಾನೆ ಎಂದು ಕೆಲವರು ಹೇಳುತ್ತಿದ್ದರು. ಅವನ ತಾಯಿ ಕಾಳವ್ವ ಕೇಳಿದವರಿಗೆಲ್ಲ, "ನೀರಾಗ ಬಿದ್ದವರನ್ನ ಎತ್ತತಾನ್ರಿ" ಎಂದು ಇದ್ದದ್ದನ್ನೇ ಹೇಳುತ್ತಿದ್ದಳು. ಅದಕ್ಕೆ ಜನ, "ಬೀಳೂದ್ಯಾಕ, ಎತ್ತೂದ್ಯಾಕ" ಎಂದು ನಕ್ಕು ಮುಂದೆ ಹೋಗುತ್ತಿದ್ದರು.

ಅಂಬಿಗರ ಮನೆತನ. ಅಪ್ಪ ಇರುವತನಕ ಊರ ಘಾಟಿನಿಂದ ಆಚೆ ದಂಡೆಗೆ ದೋಣಿ ನಡೆಯುತ್ತಿತ್ತು. ಸಂತೆಗೆ ಹೋಗುವವರು, ಮದುವೆ ದಿಬ್ಬಣ, ಆಕಳು, ಸೈಕಲ್ಲು, ಎಲ್ಲವೂ ಅವನ ದೋಣಿಯಲ್ಲೇ ದಾಟಬೇಕು. ಆಮೇಲೆ ಹೊಳೆಗೆ ಸೇತುವೆ, ಊರವರ ಮಾತಿನಲ್ಲಿ ಪೂಲು, ಬಂತು. ಪೂಲಿನ ಮೇಲೆ ಬಸ್ಸು ಓಡಾಡುವುದನ್ನು ಒಂದು ವರ್ಷ ಘಾಟಿನ ಕಲ್ಲ ಮೇಲೆ ಕೂತು ನೋಡಿ ಅಪ್ಪ ತೀರಿಕೊಂಡ. ರಾಜಾರಾಮ ನಿಪ್ಪಾಣಿಯ ಒಂದು ತಂಬಾಕಿನ ವಖಾರಿಗೆ ಕೆಲಸಕ್ಕೆ ಸೇರಿದ. ಹೊಳೆಯ ಗಾಳಿಯಲ್ಲಿ ಬೆಳೆದವನಿಗೆ ಆ ಧೂಳು ಆಗಿಬರಲಿಲ್ಲ. ರಾತ್ರಿಯೆಲ್ಲ ಕೆಮ್ಮು. ವಖಾರಿಗೆ ಬರುತ್ತಿದ್ದ ಒಬ್ಬ ಲಾರಿ ಡ್ರೈವರ್, ಘಟ್ಟದ ಕಾಡಿನಲ್ಲಿ ರಬ್ಬರ್ ದೋಣಿ ಹೊರುವ ಕೆಲಸ ಐತಿ ಎಂದು ಅವನನ್ನು ಕರೆದುಕೊಂಡು ಹೋಗಿ ಬಿಟ್ಟ. ಆಗ ಅವನಿಗೆ ಇಪ್ಪತ್ಮೂರು.

ಆ ಹೊಳೆ ದೂಧಗಂಗೆಯಂತಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಬರೀ ಬಂಡೆ, ನಡುವೆ ಮೊಳಕಾಲು ನೀರು. ಮೇಲಿನ ಧರಣದಲ್ಲಿ, ಅಂದರೆ ಅಣೆಕಟ್ಟಿನಲ್ಲಿ, ಕರೆಂಟು ತೆಗೆಯಲು ನೀರು ಬಿಟ್ಟರೆಂದರೆ ಮುಕ್ಕಾಲು ತಾಸಿನಲ್ಲಿ ಅದೇ ಬಂಡೆಗಳ ಮೇಲೆ ಬಿಳಿ ನೊರೆ ಎದ್ದು ಗುಡುಗುತ್ತ ಬರುತ್ತಿತ್ತು. ಸಂಜೆ ಮತ್ತೆ ಮೊಳಕಾಲು ನೀರು. ಹೊಳೆಗೂ ಪಾಳಿ ಇರುತ್ತದೆಂಬುದನ್ನು ರಾಜಾರಾಮ ಅಲ್ಲಿ ಮೊದಲ ಸಲ ಕಂಡ.

ಎರಡು ವರ್ಷ ದೋಣಿ ಹೊತ್ತ. ಅಲ್ಲಿ ಕಲಿಸಲು ನೇಪಾಳದಿಂದ ಬಂದಿದ್ದವನೊಬ್ಬ ಇವನ ಕೈಯನ್ನು ನೋಡಿ, ಇವ ನೀರಿನವ ಎಂದು ಗುರುತು ಹಿಡಿದು, ಕಯಾಕಿನಲ್ಲಿ ಕೂರಿಸಿದ. ಕಯಾಕೆಂದರೆ ಮೀನಿನ ಹಾಗೆ ಎರಡೂ ಕಡೆ ಚೂಪಾದ, ಒಬ್ಬನೇ ಕೂರುವ ಪ್ಲಾಸ್ಟಿಕ್ ದೋಣಿ. ಕಾಲು ಚಾಚಿ ಒಳಗೆ ತೂರಿಕೊಳ್ಳಬೇಕು, ನೀರು ನುಗ್ಗದಂತೆ ಸೊಂಟಕ್ಕೆ ರಬ್ಬರಿನ ಲಂಗ ಬಿಗಿಯಬೇಕು. ಎರಡೂ ತುದಿಗೆ ಅಲಗು ಇರುವ ಒಂದೇ ಹುಟ್ಟು. ದೋಣಿ ಮಗುಚಿದರೆ ಹೊರಗೆ ಬರುವಂತಿಲ್ಲ. ತಲೆಕೆಳಗಾಗಿಯೇ ನೀರೊಳಗೆ ಹುಟ್ಟು ಬೀಸಿ, ಸೊಂಟ ತಿರುಗಿಸಿ, ದೋಣಿ ಸಮೇತ ಮೇಲೇಳಬೇಕು. ಅದನ್ನು ಕಲಿಯಲು ರಾಜಾರಾಮನಿಗೆ ಒಂದು ಚಳಿಗಾಲ ಹಿಡಿಯಿತು.

ಆಮೇಲೆ ಅದೇ ಅವನ ಕೆಲಸವಾಯಿತು. ಊರೂರಿಂದ ಬಂದ ಜನ ಎಂಟೆಂಟು ಮಂದಿ ರಬ್ಬರ್ ದೋಣಿಯಲ್ಲಿ ಕೂತು, ಕೂಗುತ್ತ, ನಗುತ್ತ ನೊರೆಯಲ್ಲಿ ಇಳಿದು ಬರುವರು. ಅವರಿಗಿಂತ ಮೊದಲು ಇವನೊಬ್ಬ ತನ್ನ ಸಣ್ಣ ದೋಣಿಯಲ್ಲಿ ಇಳಿದು, ಬಂಡೆಯ ಮರೆಯ ಅಲೆಯಿಲ್ಲದ ನೀರಿನಲ್ಲಿ ನಿಂತು ಕಾಯಬೇಕು. ಯಾರಾದರೂ ಬಿದ್ದರೆ ಹೋಗಿ ದೋಣಿಯ ಮೂತಿ ಚಾಚಬೇಕು. ಬಿದ್ದವರು ಅದನ್ನು ಅಪ್ಪಿಕೊಳ್ಳುವರು. ಒಂದು ಗೇಣು ದೂರದಲ್ಲಿ ಅವರ ಮುಖ, ಜೀವ ಕಣ್ಣಿಗೆ ಬಂದು ಕೂತ ಮುಖ, ಎರಡು ನಿಮಿಷ ಇವನಿಗೆ ಕಾಣುವುದು. ದಂಡೆ ಮುಟ್ಟಿದ ಮೇಲೆ ಅವರು ತಮ್ಮವರೊಂದಿಗೆ ಕೂಡಿ ಫೋಟೋ ತೆಗೆಸಿಕೊಂಡು ಬಸ್ಸು ಹತ್ತುವರು. ಹಾಗೆ ನೂರಾರು ಮುಖ ನೋಡಿದ. ಒಂದು ಮುಖವೂ ಎರಡನೆಯ ಸಲ ಬರಲಿಲ್ಲ. ನಡುವೆ ರಾಯಬಾಗದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗಿಯ ಮಾವ, "ಈ ಕೆಲಸಕ್ಕ ಹೆಸರ ಏನಂತಾರ?" ಎಂದು ಕೇಳಿದ. ರಾಜಾರಾಮ ಹೇಳಿದ ಹೆಸರು ಯಾರಿಗೂ ತಿಳಿಯಲಿಲ್ಲ. ಮಾತು ಅಲ್ಲಿಗೇ ನಿಂತಿತು.

ಕೊರೋನಾ ಕಳೆದು ಜನ ಮತ್ತೆ ಬರತೊಡಗಿದ ವರ್ಷ, ಒಂದು ಬೆಳಿಗ್ಗೆ ನೀರು ಬಿಡುವುದನ್ನೇ ಕಾಯುತ್ತ ದಂಡೆಯಲ್ಲಿ ಕೂತಿದ್ದಾಗ ಒಬ್ಬ ತರುಣ ಬಂದು ಪಕ್ಕದಲ್ಲಿ ಕೂತ. ಗೆಳೆಯರೊಂದಿಗೆ ಬಂದವನು. ರಾಜಾರಾಮ ಫೋನಿನಲ್ಲಿ ತಾಯಿಯೊಂದಿಗೆ ಮಾತಾಡುವುದು ಅವನ ಕಿವಿಗೆ ಬಿದ್ದಿತ್ತು.

"ನೀವು ನಮ್ಮ ಕಡೆಯವ್ರೇನ್ರಿ? ಮಾತ ಕೇಳಿದ್ರ ಹಂಗ ಅನಸ್ತು."

"ಸದಲಗಾ ಕಡೆ. ನೀವು?"

"ಕೊಗನೊಳ್ಳಿ. ನನ್ನ ಹೆಸರ ಅಭಿನಂದನ."

ಬಸ್ಸಿನಲ್ಲಿ ಒಂದು ತಾಸಿನ ಹಾದಿಯ ಎರಡು ಊರು. ಅಭಿನಂದನ ಇವನ ಹೆಸರು ಕೇಳಿದ, ತಾಯಿಯ ಹೆಸರು ಕೇಳಿದ, ದೋಣಿಯನ್ನು ಮುಟ್ಟಿ ನೋಡಿದ. ಅಷ್ಟು ವರ್ಷಗಳಲ್ಲಿ ಹಾಗೆ ಕೂತು ಕೇಳಿದವರು ಯಾರೂ ಇರಲಿಲ್ಲ. "ಈಜ ಬರತೈತಿ?" ಎಂದು ರಾಜಾರಾಮ ಕೇಳಿದ್ದಕ್ಕೆ, "ಅದೇನ ಕೇಳ್ತೀರಿ, ಹೊಳಿ ಸೀಮಿಯವ್ರು ನಾವು" ಎಂದು ನಕ್ಕ. ಅಷ್ಟರಲ್ಲಿ ನೀರು ಬಂತು.

ಮೂರನೆಯ ಇಳಿಜಾರಿನಲ್ಲಿ ಅವರ ರಬ್ಬರ್ ದೋಣಿ ಬಂಡೆಗೆ ಏರಿ ಮಗುಚಿತು. ಆರು ಮಂದಿ ಅದರ ಹಗ್ಗ ಹಿಡಿದುಕೊಂಡರು. ಇಬ್ಬರು ದೂರ ಹೋದರು: ಎಡಕ್ಕೆ ನಡುವಯಸ್ಸಿನ ಒಬ್ಬ ಹೆಂಗಸು, ಬಲಕ್ಕೆ ಅಭಿನಂದನ. ರಾಜಾರಾಮ ಎಡಕ್ಕೆ ಹೋದ. ಹೆಂಗಸನ್ನು ದಂಡೆಗೆ ಮುಟ್ಟಿಸಿ ತಿರುಗಿ ನೋಡಿದಾಗ ಬಲಗಡೆ ಯಾರೂ ಇರಲಿಲ್ಲ. ದಂಡೆಯಿಂದ ಬಾಗಿ ನೀರಲ್ಲಿ ಮುಳುಗಿದ್ದ ಒಂದು ಮರದ ಟೊಂಗೆಗಳಲ್ಲಿ ಅಭಿನಂದನನಿಗೆ ತೇಲಲೆಂದು ತೊಡಿಸಿದ್ದ ಜಾಕೀಟು ಸಿಕ್ಕಿಕೊಂಡಿತ್ತು. ಫೋನು ಮಾಡಿ ಧರಣದ ನೀರು ನಿಲ್ಲಿಸಿ, ಹೊಳೆ ಇಳಿದ ಮೇಲೆಯೇ ಅವನನ್ನು ಬಿಡಿಸಿ ತರಲು ಆದದ್ದು.

ಯಾರೂ ರಾಜಾರಾಮನನ್ನು ಬೈಯಲಿಲ್ಲ. ಪೊಲೀಸರು ಬರೆದುಕೊಂಡರು, ಹೋದರು. ರಾಫ್ಟಿಂಗ್ ಕೆಲವು ತಿಂಗಳು ನಿಂತಿತು. ಮತ್ತೆ ಶುರುವಾದಾಗ ಅವನಿಗೆ ಆ ಇಳಿಜಾರಿನ ಮುಂದೆ ನಿಲ್ಲಲು ಆಗಲಿಲ್ಲ. ಎಡಕ್ಕೆ ನೋಡಬೇಕಾದಾಗ ಬಲಕ್ಕೆ ನೋಡುತ್ತಿದ್ದ. ಮಾಲೀಕ ಹಳೆಯದೊಂದು ಕೆಂಪು ಕಯಾಕನ್ನು, "ನಿನ್ನ ಕೈಗೆ ಹೊಂದೇತಿ, ಒಯ್ಯಿ" ಎಂದು ಕೊಟ್ಟ. ಅದನ್ನು ಕಬ್ಬಿನ ಲಾರಿಯೊಂದರ ನೆತ್ತಿಗೆ ಕಟ್ಟಿಸಿಕೊಂಡು ಊರಿಗೆ ಬಂದ.

ಊರಿನಲ್ಲಿ ಬಂಧಾರದ ಮೇಲೆ ಕೂಲಿ ಕೆಲಸ ಸಿಕ್ಕಿತು. ದೂಧಗಂಗೆಗೆ ಅಡ್ಡವಾಗಿ ಕಲ್ಲಿನ ಕಂಬಗಳು, ಕಂಬಗಳ ನಡುವೆ ಹಲಗೆ. ದಸರೆಯ ಹೊತ್ತಿಗೆ ಹಲಗೆ ಇಳಿಸಿ ನೀರು ತಡೆಯುವುದು, ಜೂನಿನ ಮೃಗ ಮಳೆಗೆ ಮುಂಚೆ ಹಲಗೆ ಎತ್ತುವುದು. ಮಳೆಗಾಲದಲ್ಲಿ ಮೇಲೆ ಕಾಳಮ್ಮವಾಡಿ ಧರಣದಿಂದ ನೀರು ಬಿಟ್ಟರೆ ಆ ಕಂಬಗಳ ಕೆಳಗೆ ಅರ್ಧ ಫರ್ಲಾಂಗು ನೊರೆ ಏಳುತ್ತದೆ. ನೀರು ಕಡಿಮೆಯಾದರೆ ಕಲ್ಲು ಮೇಲೆ ಕಾಣುತ್ತದೆ, ಹೆಚ್ಚಾದರೆ ಬಂಧಾರವೇ ಮುಳುಗಿ ಹೊಳೆ ಸಪಾಟಾಗಿಬಿಡುತ್ತದೆ. ವರ್ಷಕ್ಕೆ ಹದಿನೈದಿಪ್ಪತ್ತು ದಿನವಷ್ಟೇ ಆ ನೀರು. ಆ ದಿನಗಳಲ್ಲಿ ರಾಜಾರಾಮ ನಸುಕಿಗೆ ಕಯಾಕನ್ನು ಹೆಗಲ ಮೇಲೆ ಹೊತ್ತು, ಕಬ್ಬಿನ ಹೊಲದ ಬದುವಿನಿಂದ ಇಳಿದು, ಒಬ್ಬನೇ ನೀರಿಗೆ ಹೋಗುತ್ತಿದ್ದ. ಬಂಧಾರದ ಬುಡಕ್ಕೆ ಮಾತ್ರ ಎಂದೂ ಹೋಗುತ್ತಿರಲಿಲ್ಲ. ಅಲ್ಲಿ ನೀರು ಹಿಂದಕ್ಕೆ ಹೊರಳಿ ಹಿಡಿದದ್ದನ್ನು ಬಿಡುವುದಿಲ್ಲ. ಅದರ ಕೆಳಗಿನ ನೊರೆಯಲ್ಲಿ ಬೇಕೆಂದೇ ಮಗುಚುತ್ತಿದ್ದ, ಏಳುತ್ತಿದ್ದ. ತಲೆ ನೀರೊಳಗೆ ಇದ್ದಾಗ ಮೇಲಿನದೇನೂ ಕೇಳುವುದಿಲ್ಲ. ಅಷ್ಟು ಹೊತ್ತು ಅವನಿಗೆ ಹಾಯೆನಿಸುತ್ತಿತ್ತು.

ಒಂದು ಮಳೆಗಾಲ ಯಾರೋ ಪೂಲಿನ ಮೇಲಿಂದ ಅದನ್ನು ಮೊಬೈಲಿನಲ್ಲಿ ಹಿಡಿದು, ಅವನ ಹೆಸರು ಹಾಕಿ ವಾಟ್ಸಾಪಿನಲ್ಲಿ ಬಿಟ್ಟರು. ಎಂಟು ದಿನಗಳ ಮೇಲೆ, ಒಂದು ಮಧ್ಯಾಹ್ನ, ಮೂವತ್ತೈದು ದಾಟಿದ ಹೆಣ್ಣುಮಗಳೊಬ್ಬಳು ಸ್ಕೂಟಿಯ ಮೇಲೆ ಅವನ ಮನೆ ಹುಡುಕಿಕೊಂಡು ಬಂದಳು. ನಿಪ್ಪಾಣಿಯ ಒಂದು ಶಾಲೆಯಲ್ಲಿ ಮಾಸ್ತರಿಕೆ ಮಾಡುವವಳು. "ನಾನು ತ್ರಿಶಲಾ. ಅಭಿನಂದನನ ಅಕ್ಕ" ಎಂದಳು.

ಕಾಳವ್ವನಿಗೆ ಆ ಹೆಸರು ಗೊತ್ತಿರಲಿಲ್ಲ. ಮಗ ಯಾರಿಗೂ ಹೇಳಿರಲಿಲ್ಲ. ಬಂದವಳು ಜೈನರವಳೆಂದು ತಿಳಿದದ್ದೇ ಒಗೆದಿಟ್ಟಿದ್ದ ಬಿಳಿ ಅರಿವೆ ತೆಗೆದು, ಎರಡು ಮಡಿಕೆ ಮಾಡಿ, ಅವರು ಸೋಸದ ನೀರು ಕುಡಿಯುವುದಿಲ್ಲವೆಂದು ನೀರು ಸೋಸಿ ತಂದುಕೊಟ್ಟಳು. ತ್ರಿಶಲಾ ಅದನ್ನು ನೋಡುತ್ತ ಇದ್ದಳು, ಆಮೇಲೆ ಕುಡಿದಳು.

"ಅವತ್ತ ಮುಂಜಾನೆ ತಮ್ಮ ಫೋನ್ ಮಾಡಿದ್ದ" ಎಂದಳು. "ಇಲ್ಲಿ ನಮ್ಮ ಕಡೆಯವ್ರೊಬ್ರು ಸಿಕ್ಕಾರ, ರಾಜಾರಾಮ ಅಂತ, ಚಿಂತಿ ಮಾಡಬ್ಯಾಡ ಅಂದ. ಅದ ಕಡೀ ಮಾತು. ನಿಮ್ಮನ್ನ ಹುಡಕಬೇಕಂತ ಭಾಳ ದಿನದಿಂದ ಇತ್ತು. ಆಗಿರಲಿಲ್ಲ."

ರಾಜಾರಾಮನಿಗೆ ಮನೆಯೊಳಗೆ ಕೂರಲು ಆಗಲಿಲ್ಲ. ಇಬ್ಬರೂ ಘಾಟಿಗೆ ಹೋಗಿ ಮೆಟ್ಟಿಲ ಮೇಲೆ ನಿಂತರು. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು.

"ಏನಾತು ಹೇಳ್ರಿ. ಪೊಲೀಸರು ಹೇಳಿದ್ದು ನನಗ ಗೊತ್ತೈತಿ. ನೀವು ನೋಡಿದ್ದು ಹೇಳ್ರಿ."

ಅವನು ಹೇಳಿದ. ಎಡಕ್ಕೆ ಒಬ್ಬರು, ಬಲಕ್ಕೆ ಒಬ್ಬರು. "ಇಬ್ರೂ ಅಷ್ಟಷ್ಟ ದೂರ ಇದ್ರು ತಾಯಿ. ಆ ಹೆಣ್ಮಗಳು ಚೀರಾಕತ್ತಿದ್ರು. ನಿಮ್ಮ ತಮ್ಮ ಚೀರಲಿಲ್ಲ. ಈಜ ಬರತೈತಿ ಅಂತ ಮುಂಜಾನೆ ಹೇಳಿದ್ರು. ಬಲಕ್ಕ ಮರ ಐತಿ ಅಂತ ನನಗ ಗೊತ್ತಿತ್ತು. ಈಜ ಬರೂವವ್ರು ನಡುವಿನ ನೀರಿಗೆ ಬಂದ ಬರ್ತಾರ ಅಂದ್ಕೊಂಡೆ. ಹಂಗಾಗಿ ಆ ಹೆಣ್ಮಗಳ ಕಡೆ ಹೋದೆ."

ತ್ರಿಶಲಾ ಹೊಳೆಯನ್ನೇ ನೋಡುತ್ತ ಹೇಳಿದಳು:

"ಅವಗ ಈಜ ಬರ್ತಿರಲಿಲ್ರಿ."

ರಾಜಾರಾಮ ಅವಳ ಕಡೆ ತಿರುಗಿದ.

"ಸಣ್ಣಂವ ಇದ್ದಾಗ ಒಮ್ಮೆ ನಮ್ಮ ತೋಟದ ಬಾವಿಗೆ ಇಳದಿದ್ದ. ಅಪ್ಪಾಜಿ ಹೆದರಿ, ಮ್ಯಾಲೆ ಎಳದು, ಬೆನ್ನ ಮ್ಯಾಲ ಬಾಸುಂಡಿ ಏಳೂಹಂಗ ಹೊಡದ್ರು. ಮತ್ತ ಇಳೀಲಿಲ್ಲ. ನಮ್ಮ ಕಡೆಯವ್ರ ಮುಂದ ಬರಂಗಿಲ್ಲ ಅನ್ನಾಕ ನಾಚಿಕಿ ಆಗಿರಬೇಕು ಅವಗ."

ರಾಜಾರಾಮ ಮೆಟ್ಟಿಲ ಮೇಲೆ ಕೂತುಬಿಟ್ಟ. ಇಷ್ಟು ವರ್ಷ ಅವನು ಆ ಹೊಳೆಯನ್ನು ಮನಸ್ಸಿನಲ್ಲಿ ಸಾವಿರ ಸಲ ಇಳಿದಿದ್ದ. ಪ್ರತಿ ಸಲವೂ ಬಲಗಡೆ ಇದ್ದವನು ಈಜು ಬಲ್ಲವನು. ಈಗ ಅವನು ಕೈಕಾಲು ಆಡಿಸಲೂ ತಿಳಿಯದೆ, ಚೀರಲೂ ನಾಚಿ ಹೋದ ಒಬ್ಬ ಹುಡುಗ.

"ಆ ಹೆಣ್ಮಗಳು ಈಗ ಎಲ್ಲಿದ್ದಾರ್ರಿ?" ತ್ರಿಶಲಾ ಕೇಳಿದಳು.

"ಗೊತ್ತಿಲ್ರಿ. ಅವತ್ತ ಸಂಜಿಕ ಹೋದ್ರು. ಹೆಸರೂ ಗೊತ್ತಿಲ್ಲ."

"ನಿಮ್ಮ ಜಾಗಾದಾಗ ನಾ ಇದ್ರ ಯಾ ಕಡೆ ಹೋಗತಿದ್ನೋ ಏನೋ, ನನಗೂ ಗೊತ್ತಿಲ್ಲ" ಎಂದಳು. ಜೈನರ ನೇಮದಂತೆ ಸೂರ್ಯ ಮುಳುಗುವ ಮೊದಲು ಮನೆ ಮುಟ್ಟಿ ಊಟ ಮಾಡಬೇಕೆಂದು ಸ್ಕೂಟಿ ಹತ್ತಿ ಹೋದಳು.

ಆ ಮಳೆಗಾಲ ರಾಜಾರಾಮ ಕಯಾಕನ್ನು ಮುಟ್ಟಲಿಲ್ಲ. ಮನಸ್ಸು ಹಗುರಾಗುತ್ತದೆಂದು ಅಂದುಕೊಂಡಿದ್ದ, ಆಗಲಿಲ್ಲ. ಸತ್ತವನ ಮೇಲೆ ಸಿಟ್ಟು ಬಂತು. ಒಂದು ಮಾತು, ಬರುವುದಿಲ್ಲ ಎಂಬ ಒಂದೇ ಮಾತು ಹೇಳಬಾರದಿತ್ತೇ? ದೀಪಾವಳಿಯ ಹೊತ್ತಿಗೆ ಸಿಟ್ಟೂ ಇಳಿಯಿತು. ಅದರ ಜಾಗದಲ್ಲಿ ಉಳಿದದ್ದು ಏನೆಂದು ಅವನಿಗೆ ನಿಧಾನವಾಗಿ ತಿಳಿಯಿತು: ಅವನಿಗೆ ಅಭಿನಂದನನ ನೆನಪು ಕಾಡುತ್ತಿತ್ತು. ಅರ್ಧ ತಾಸು ಪಕ್ಕದಲ್ಲಿ ಕೂತು ಊರು, ತಾಯಿಯ ಹೆಸರು ಕೇಳಿದ ಒಬ್ಬನೇ ಗೆಳೆಯ ಅವನು.

ಯುಗಾದಿ ಕಳೆದ ಮೇಲೆ ತ್ರಿಶಲಾಳ ಫೋನು ಬಂತು. "ನನಗ ಈಜ ಕಲಸ್ತೀರೇನ್ರಿ? ನಮ್ಮ ಬಾವ್ಯಾಗ?"

ಎಂಟು ಭಾನುವಾರ ಅವನು ಬಸ್ಸಿನಲ್ಲಿ ಕೊಗನೊಳ್ಳಿಗೆ ಹೋದ. ಕಬ್ಬಿನ ನಡುವೆ ಮೆಟ್ಟಿಲಿದ್ದ ದೊಡ್ಡ ಬಾವಿ. ತ್ರಿಶಲಾ ಚೂಡಿದಾರದ ಮೇಲೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದಳು. ಹಗ್ಗದ ಇನ್ನೊಂದು ತುದಿ ಅವಳ ತಂದೆ ಆಬಾಸಾಹೇಬರ ಕೈಯಲ್ಲಿ. ಎಪ್ಪತ್ತು ದಾಟಿದ ಮುದುಕ, ಬಿಳಿ ಟೋಪಿ. ಬಾವಿಯ ಕಟ್ಟೆಯ ಮೇಲೆ ಕೂತು ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಳ್ಳುತ್ತಿದ್ದರು. ರಾಜಾರಾಮ ಯಾರೆಂದು ಅವರಿಗೆ ಗೊತ್ತಿತ್ತು. ಬಂದಾಗ "ಬರ್ರಿ" ಎನ್ನುವರು, ಹೋಗುವಾಗ "ಊಟಾ ಮಾಡ್ಕೊಂಡ ಹೋಗ್ರಿ" ಎನ್ನುವರು.

ಐದನೆಯ ವಾರ ತ್ರಿಶಲಾ ಅಂಗಾತ ತೇಲಿದಳು. ಏಳನೆಯ ವಾರ ಬಾವಿಯ ಒಂದು ಗೋಡೆಯಿಂದ ಇನ್ನೊಂದಕ್ಕೆ ಮುಟ್ಟಿದಳು. ಎಂಟನೆಯ ವಾರ ಹಗ್ಗ ಬೇಡವೆಂದು ಬಿಚ್ಚಿ ಮೆಟ್ಟಿಲ ಮೇಲೆ ಇಟ್ಟಳು. ಆಬಾಸಾಹೇಬರು ಬರಿದಾದ ಹಗ್ಗವನ್ನು ಮೇಲಕ್ಕೆ ಎಳೆದುಕೊಂಡರು, ಆದರೆ ಮುಂಗೈಯ ಸುತ್ತು ಬಿಡಿಸಲಿಲ್ಲ. ಮಗಳು ಮೂರು ಸುತ್ತು ಈಜಿ ಮೇಲೆ ಬರುವತನಕ ಹಾಗೇ ಕೂತಿದ್ದರು. ಆಮೇಲೆ ರಾಜಾರಾಮನಿಗೆ, "ಎಂಟ ವಾರದಾಗ ಬರತೈತಿ ಅಂತ ನನಗ ಗೊತ್ತಿರಲಿಲ್ಲ" ಎಂದರು. ಇವನು ಒದ್ದೆ ಬಟ್ಟೆಯ ಗಂಟು ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದ.

ಒಂಬತ್ತನೆಯ ಭಾನುವಾರ ಹೋಗುವ ಕಾರಣವಿರಲಿಲ್ಲ. ಅಭ್ಯಾಸಕ್ಕೆ ಬೇಗ ಎದ್ದು, ಚಹಾ ಕುಡಿದು, ಏನು ಮಾಡಬೇಕೆಂದು ತಿಳಿಯದೆ ಅಂಗಳದಲ್ಲಿ ನಿಂತ. ಕಾಳವ್ವ ಒಳಗಿಂದ, "ಇವತ್ತ ಹೋಗಂಗಿಲ್ಲೇನ?" ಎಂದು ಕೇಳಿದಳು. "ಮುಗೀತವ್ವಾ" ಎಂದ.

ಜುಲೈ ಮೊದಲ ವಾರ ಮೇಲಿಂದ ನೀರು ಬಿಟ್ಟ ಸುದ್ದಿ ಬಂತು. ಮರುದಿನ ನಸುಕಿಗೆ ಅವನು ಜಂತಿಗೆ ಕಟ್ಟಿದ್ದ ಕಯಾಕನ್ನು ಕೆಳಗಿಳಿಸಿ, ಒಳಗೆ ಬಲೆ ಕಟ್ಟಿದ್ದ ಜೇಡವನ್ನು ಕೊಡವಿ, ಹೆಗಲಿಗೆ ಹೊತ್ತು ನಡೆದ. ಬದುವಿನ ಎರಡೂ ಕಡೆ ಕಬ್ಬು ಎದೆಯೆತ್ತರ ಬಂದಿತ್ತು, ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಪೂಲಿನ ಮೇಲೆ ಯಾರೂ ಇರಲಿಲ್ಲ. ರಬ್ಬರಿನ ಲಂಗ ಬಿಗಿದು, ದಂಡೆಯನ್ನು ಹುಟ್ಟಿನಿಂದ ತಳ್ಳಿ, ನೊರೆಯ ಕಡೆ ಮುಖ ಮಾಡಿದ.